ಚಂದ್ರಹಾಸನ ನಿದ್ದೆಯಿಂದ ಮಹಾಸಂಚಿಕೆಯವರೆಗೆ



ಕಳೆದ ಯುಗಾದಿಯ ಮರುದಿನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಕಾಫಿ ಕುಡಿದು ಲೋಟ ಕೆಳಗಿಡುತ್ತ, "ಸಾರ್, ಒಂದು ಸಂಶಯ ಇಷ್ಟು ವರ್ಷದಿಂದ ಉಳಿದುಬಿಟ್ಟಿದೆ. ನೀವು ಚರಿತ್ರೆ ಪಾಠ ಮಾಡುವಾಗ ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ ಪಾಣಿಪತ್ತದ ಮೈದಾನಕ್ಕೆ ಎರಡೂ ಸೈನ್ಯ ತಂದು ನಿಲ್ಲಿಸಿ ಪುಸ್ತಕ ಮುಚ್ಚುತ್ತಿದ್ದಿರಿ. ಅದು ತಾನಾಗಿ ಆಗುತ್ತಿತ್ತೋ, ಬೇಕೆಂದೇ ಮಾಡುತ್ತಿದ್ದಿರೋ?" ಎಂದು ಕೇಳಿದ. ನಕ್ಕುಬಿಟ್ಟೆ. ಬೇಕೆಂದೇ ಮಾಡುತ್ತಿದ್ದೆ. ನಿವೃತ್ತಿಯ ನಂತರ ಇಂಥ ಅಪರಾಧಗಳನ್ನು ಒಪ್ಪಿಕೊಳ್ಳಲು ಅಡ್ಡಿಯಿಲ್ಲ.

ಆ ವಿದ್ಯೆಯನ್ನು ನಾನು ಕಲಿತದ್ದು ತರಬೇತಿ ಕಾಲೇಜಿನಲ್ಲಲ್ಲ. ನಮ್ಮ ಬಾಲ್ಯದಲ್ಲಿ ಮಳೆಗಾಲದ ಸಂಜೆಗಳಲ್ಲಿ ಶಾನುಭೋಗರ ಮನೆಯ ಜಗಲಿಯಲ್ಲಿ ಜೈಮಿನಿ ಭಾರತದ ವಾಚನ ನಡೆಯುತ್ತಿತ್ತು. ಒಬ್ಬರು ಪದ್ಯ ಹಾಡುವವರು, ಇನ್ನೊಬ್ಬರು ಅರ್ಥ ಹೇಳುವವರು. ಚಂದ್ರಹಾಸನ ಕಥೆ ಬಂದಾಗ ಜಗಲಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಈತನಿಗೆ ವಿಷ ಕೊಡು ಎಂದು ದುಷ್ಟಬುದ್ಧಿ ಮಗನಿಗೆ ಬರೆದ ಓಲೆಯನ್ನು ತಾನೇ ಹೊತ್ತು ತಂದ ಚಂದ್ರಹಾಸ, ಅದರೊಳಗೇನಿದೆಯೆಂದು ಅರಿಯದೆ ಉದ್ಯಾನದಲ್ಲಿ ಮಲಗಿ ನಿದ್ದೆಹೋಗುತ್ತಾನೆ. ಅತ್ತಲಿಂದ ವಿಷಯೆ ಬರುತ್ತಾಳೆ. ಓಲೆ ಕಣ್ಣಿಗೆ ಬೀಳುತ್ತದೆ. ಅಲ್ಲಿಗೆ ವಾಚಕರು ಕನ್ನಡಕ ತೆಗೆದು, "ಇವತ್ತಿಗೆ ಸಾಕು" ಎಂದುಬಿಡುತ್ತಿದ್ದರು. ವಿಷಯೆ ಕಣ್ಣ ಕಾಡಿಗೆಯಿಂದ ಒಂದಕ್ಷರ ತಿದ್ದಿ ವಿಷವನ್ನು ತಾನಾಗಿಸುತ್ತಾಳೆಂಬುದು ಅಲ್ಲಿದ್ದ ಹಿರಿಯರಿಗೆಲ್ಲ ಬಾಯಿಪಾಠ. ಆದರೂ ಅವರು ಮರುದಿನ ಛತ್ರಿ ಹಿಡಿದು ಬರುತ್ತಿದ್ದರು. ಕಥೆಯ ಕೊನೆ ಗೊತ್ತಿರುವವರನ್ನೂ ಕಾಯಿಸಬಲ್ಲ ಆ ನಿಲುಗಡೆಯ ಗುಟ್ಟೇನೆಂಬ ಪ್ರಶ್ನೆ ಅಂದಿನಿಂದ ನನ್ನ ಜೊತೆಗಿದೆ. ಮನೆಗೆ ಬಂದಿದ್ದ ಆ ವಿದ್ಯಾರ್ಥಿ ಬೆಂಗಳೂರಿನಲ್ಲಿ ಟಿ.ವಿ. ಧಾರಾವಾಹಿಗಳಿಗೆ ಕಥೆ ಬರೆದು ಜೀವನ ಮಾಡುವವನಾದ್ದರಿಂದ ಮಾತು ಸಂಜೆಯವರೆಗೂ ಬೆಳೆಯಿತು. ಅದರ ಫಲ ಈ ಬರಹ.

ನಮ್ಮ ರಾಜ್ಯಕ್ಕೆ ದೂರದರ್ಶನ ಮೊದಲು ಬಂದದ್ದು ಮನರಂಜನೆಗಾಗಿ ಅಲ್ಲ ಎಂಬುದನ್ನು ಈಗಿನವರು ನಂಬುವುದಿಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕೃಷಿ, ಆರೋಗ್ಯ, ಶಿಕ್ಷಣದ ಕಾರ್ಯಕ್ರಮಗಳನ್ನು ತೋರಿಸಲಾಯಿತು. ಅವುಗಳಲ್ಲಿ ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳೂ ಇದ್ದವು. ಟಿ.ವಿ. ಎಂದರೆ ಸರ್ಕಾರಿ ಮೇಷ್ಟರು ಎಂಬ ಭಾವನೆ ಅಲ್ಲಿಂದಲೇ ಹುಟ್ಟಿತು. ಮೇಷ್ಟರಾಗಿದ್ದ ನನಗೆ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ ಬಿಡಿ.

1984ರ ಜುಲೈ 7ರಂದು ಆರಂಭವಾದ 'ಹಮ್ ಲೋಗ್' ಕೂಡ ಪಾಠ ಹೇಳುವ ಉದ್ದೇಶದಿಂದಲೇ ಹುಟ್ಟಿತು. ಮೆಕ್ಸಿಕೋದ ಮಿಗೆಲ್ ಸಬಿದೊ ಎಂಬಾತ 1975ರಲ್ಲಿ ವಯಸ್ಕರ ಶಿಕ್ಷಣದ ಸಲುವಾಗಿ 'ವೆನ್ ಕೊನ್ಮಿಗೊ' ಎಂಬ ಧಾರಾವಾಹಿ ಮಾಡಿ, ಲಕ್ಷಾಂತರ ಜನ ಅಕ್ಷರ ಕಲಿಯಲು ಹೆಸರು ಬರೆಸುವಂತೆ ಮಾಡಿದ್ದ. ಅದೇ ಮಾರ್ಗದಲ್ಲಿ ಕುಟುಂಬ ಯೋಜನೆಯನ್ನು ಬೋಧಿಸಬಹುದೆಂದು ನಮ್ಮ ಸರ್ಕಾರಕ್ಕೆ ಅನ್ನಿಸಿತು. ಬರೆಯುವ ಹೊಣೆ ಬಿದ್ದದ್ದು ಹಿಂದಿಯ ಕಾದಂಬರಿಕಾರ ಮನೋಹರ ಶ್ಯಾಮ ಜೋಶಿಯವರ ಮೇಲೆ; ನಿರ್ದೇಶನ ಪಿ. ಕುಮಾರ್ ವಾಸುದೇವ್ ಅವರದು. ಮೊದಲ ಹದಿಮೂರು ಕಂತುಗಳಲ್ಲಿ ಉಪದೇಶವೇ ತುಂಬಿಕೊಂಡಿತ್ತು. ಜನ ಮುಖ ತಿರುಗಿಸಿದರು. ಆಗ ಉಪದೇಶದ ಹೊರೆ ಇಳಿಸಿ, ಕುಡುಕ ಬಡಗಿ ಬಸೇಸರ್ ರಾಮನ ಮನೆಯ ಜಗಳ, ಸಾಲ, ಮದುವೆಯ ಚಿಂತೆಗಳನ್ನು ಮುಂದಕ್ಕೆ ತಂದರು. ಅಲ್ಲಿಂದ ಮುಂದಿನದು ನಿಮ್ಮಲ್ಲಿ ಐವತ್ತು ದಾಟಿದವರಿಗೆಲ್ಲ ನೆನಪಿರಬೇಕು. ಪ್ರತಿ ಕಂತಿನ ಕೊನೆಗೆ ಅಶೋಕ್ ಕುಮಾರ್ ಬಂದು ನಾಲ್ಕು ಮಾತು ಹೇಳುತ್ತಿದ್ದರು. ಹಿಂದಿ ಪೂರ್ತಿ ಅರ್ಥವಾಗದ ನಮ್ಮ ಸೋದರತ್ತೆ ಕೂಡ "ಆ ಯಜಮಾನರು ಏನಂದರು?" ಎಂದು ಕೇಳುತ್ತಿದ್ದರು. ಒಂದೂವರೆ ವರ್ಷ, ನೂರೈವತ್ತಕ್ಕೂ ಹೆಚ್ಚು ಕಂತು. 1985ರ ಡಿಸೆಂಬರಿನಲ್ಲಿ ಮುಗಿಯಿತು.

ಇಲ್ಲಿ ಒಂದು ವಿಚಿತ್ರ ನಡೆಯಿತು. ತಾಯಿ ಭಾಗವಂತಿಯ ಪಾತ್ರವನ್ನು ಸೃಷ್ಟಿಸಿದ್ದು ಹೆಣ್ಣು ಹೀಗೆ ಎಲ್ಲವನ್ನೂ ನುಂಗಿಕೊಂಡಿರಬಾರದು ಎಂದು ತೋರಿಸುವುದಕ್ಕೆ. ಆಮೇಲೆ ಪ್ರೇಕ್ಷಕರ ಪತ್ರಗಳನ್ನೂ ಅಭಿಪ್ರಾಯಗಳನ್ನೂ ಅಧ್ಯಯನ ಮಾಡಿದವರಿಗೆ ಕಂಡದ್ದು ಬೇರೆ: ಬಹುಮಂದಿ, ಅವರಲ್ಲೂ ಹೆಂಗಸರು, ಭಾಗವಂತಿಯನ್ನೇ ಆದರ್ಶ ಗೃಹಿಣಿಯೆಂದು ಮೆಚ್ಚಿದ್ದರು. ಬರೆದವನ ಉದ್ದೇಶ ಒಂದು, ನೋಡಿದವರ ಮನಸ್ಸು ಇನ್ನೊಂದು. ಇದನ್ನು ಸೋಲು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಪಾತ್ರವು ಪಾಠದಿಂದ ತಪ್ಪಿಸಿಕೊಂಡು ತನ್ನ ಕಾಲ ಮೇಲೆ ನಿಂತಿತು ಎಂದೇ ಅದರ ಅರ್ಥ. ಆದರೆ ಮುಂದೆ ಬಂದ ವ್ಯಾಪಾರಿಗಳು ಇದರಿಂದ ಕಲಿತ ಪಾಠ ಮಾತ್ರ ಕೆಟ್ಟದು. ಅಳುವ ಹೆಂಗಸಿಗೆ ಮಾರುಕಟ್ಟೆಯಿದೆ ಎಂದು ಅವರು ತಿಳಿದರು.

ಕಥೆಗಾರನ ಮೇಲೆ ಓದುಗರ ಒತ್ತಡ ಟಿ.ವಿ.ಗಿಂತ ಹಳೆಯದು. 1840-41ರಲ್ಲಿ ಡಿಕನ್ಸ್ ವಾರವಾರ ಕಾದಂಬರಿ ಬರೆಯುತ್ತಿದ್ದಾಗ ಪುಟ್ಟ ನೆಲ್‌ಳನ್ನು ಸಾಯಿಸಬೇಡಿರೆಂದು ಓದುಗರು ಅಂಗಲಾಚಿದರು, ಆತ ಒಪ್ಪಲಿಲ್ಲ. ಕಾನನ್ ಡಾಯ್ಲ್ 1893ರಲ್ಲಿ ಷರ್ಲಾಕ್ ಹೋಮ್ಸ್‌ನನ್ನು ಜಲಪಾತಕ್ಕೆ ತಳ್ಳಿದ, ಹತ್ತು ವರ್ಷದ ನಂತರ ಬದುಕಿಸಿ ತಂದ. ನಮ್ಮಲ್ಲಿ ಒತ್ತಡ ಇನ್ನೂ ದೊಡ್ಡ ರೂಪ ತಾಳಿತು. 1987ರ ಜನವರಿ 25ರಂದು ಆರಂಭವಾದ ರಮಾನಂದ ಸಾಗರರ 'ರಾಮಾಯಣ'ಕ್ಕೆ ಮೊದಲು ಒಪ್ಪಿಗೆಯಾಗಿದ್ದದ್ದು 52 ಕಂತು. ಅದು 78ಕ್ಕೆ ಬೆಳೆಯಿತು. ಪಟ್ಟಾಭಿಷೇಕಕ್ಕೆ ಮುಗಿಸಿದರೆ, ವಾಲ್ಮೀಕಿಯನ್ನು ತಮ್ಮ ಕುಲಗುರುವೆಂದು ಪೂಜಿಸುವ ಪಂಜಾಬಿನ ಪೌರಕಾರ್ಮಿಕರು ಉತ್ತರಕಾಂಡವೂ ಬೇಕೆಂದು ಮುಷ್ಕರ ಹೂಡಿದರು. ಬೀದಿಗಳಲ್ಲಿ ಕಸ ರಾಶಿ ಬಿತ್ತು. ಕಡೆಗೆ ಲವಕುಶರ ಕಥೆಯೂ ಪ್ರಸಾರವಾಯಿತು. ಕಥೆಯ ಮುಂದಿನ ಭಾಗಕ್ಕಾಗಿ ಪೊರಕೆ ಕೆಳಗಿಟ್ಟ ಉದಾಹರಣೆ ಪ್ರಪಂಚದ ಚರಿತ್ರೆಯಲ್ಲಿ ಬೇರೆ ಇದ್ದಂತಿಲ್ಲ. ಹಾಗೆಂದು ನಗುವುದೂ ತಪ್ಪು. ತಮ್ಮ ಕವಿ ಆಶ್ರಮದಲ್ಲಿ ಸೀತೆಗೆ ಆಸರೆ ಕೊಟ್ಟ ಭಾಗವನ್ನೇ ಬಿಟ್ಟರೆ ಅವರಿಗೆ ಆ ರಾಮಾಯಣದಲ್ಲಿ ಉಳಿದದ್ದೇನು?

1988ರ ಜನವರಿಯಲ್ಲಿ 'ತಮಸ್' ಬಂತು. ಭೀಷ್ಮ ಸಾಹನಿಯವರ ಕಾದಂಬರಿ, ಗೋವಿಂದ ನಿಹಲಾನಿಯವರ ನಿರ್ದೇಶನ, ದೇಶವಿಭಜನೆಯ ಕಾಲದ ಕೋಮುಗಲಭೆಯ ಕಥೆ. ಪ್ರಸಾರ ನಿಲ್ಲಿಸಬೇಕೆಂದು ನ್ಯಾಯಾಲಯಕ್ಕೆ ಅರ್ಜಿ ಬಿತ್ತು. ಮುಂಬಯಿಯ ಉಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಇಡೀ ಧಾರಾವಾಹಿಯನ್ನು ತಾವೇ ಕುಳಿತು ನೋಡಿ, ತೋರಿಸಬಹುದೆಂದರು. ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಸದಾ ಅಪಾಯ ಶಂಕಿಸುವ ದುರ್ಬಲ ಮನಸ್ಸಿನವರ ಕಣ್ಣಿನಿಂದಲ್ಲ, ವಿವೇಕವೂ ಧೈರ್ಯವೂ ಇರುವ ಸಾಮಾನ್ಯ ಮನುಷ್ಯನ ಕಣ್ಣಿನಿಂದ ಕೃತಿಯನ್ನು ನೋಡಬೇಕೆಂಬುದು ಆ ತೀರ್ಪಿನ ತಿರುಳು. ಎಸ್ಸೆಸ್ಸೆಲ್ಸಿಯ ಪೌರನೀತಿ ಪಾಠದಲ್ಲಿ ವಾಕ್ ಸ್ವಾತಂತ್ರ್ಯ ಬಂದಾಗಲೆಲ್ಲ ನಾನು ಇದನ್ನು ಹೇಳುತ್ತಿದ್ದೆ. ನೀವು ಪರೀಕ್ಷೆಯಲ್ಲಿ ಬರೆಯುತ್ತಿರಲಿಲ್ಲ, ಆ ಮಾತು ಬೇರೆ.

ಇನ್ನು ನಮ್ಮ ಸೀಮೆಯ ಕಥೆ. ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಆಗ ನಾನು ತೀರ್ಥಹಳ್ಳಿ ತಾಲ್ಲೂಕಿನ ಶಾಲೆಯೊಂದರಲ್ಲಿದ್ದೆ. ಆಗುಂಬೆಯಲ್ಲಿ ಶಂಕರ್‌ನಾಗ್ ಬೀಡುಬಿಟ್ಟಿದ್ದಾರೆ ಎಂಬ ಸುದ್ದಿ ಬಂದಮೇಲೆ ತರಗತಿಯಲ್ಲಿ ಹಾಜರಿ ಕಡಿಮೆಯಾಯಿತು. ಒಂದು ಭಾನುವಾರ ನಾನೂ ಬಸ್ಸು ಹತ್ತಿದೆ. ನೋಡಿದರೆ ಪರಿಚಿತ ಬೀದಿಯೇ ಮಾಲ್ಗುಡಿಯಾಗಿತ್ತು. ಆರ್. ಕೆ. ನಾರಾಯಣರು ಮೈಸೂರಿನಲ್ಲಿ ಕುಳಿತು ಇಂಗ್ಲಿಷಿನಲ್ಲಿ ಕಟ್ಟಿದ ಊರನ್ನು, ಹಿಂದಿಯಲ್ಲಿ ಮಾತನಾಡಿಸಲು, ಕನ್ನಡದ ರಂಗಭೂಮಿಯ ನಟರು ಮಲೆನಾಡಿನ ಮಳೆಯ ನಡುವೆ ಬಂದಿದ್ದರು. ಇಷ್ಟು ಬೆರಕೆಯಿಂದ ಇಂಥ ಹದ ಹೇಗೆ ಬಂತೋ! ನಿರ್ಮಾಪಕರು ಟಿ. ಎಸ್. ನರಸಿಂಹನ್, ಕಲಾ ನಿರ್ದೇಶನ ಜಾನ್ ದೇವರಾಜ್, ಸಂಗೀತ ಎಲ್. ವೈದ್ಯನಾಥನ್, ಶೀರ್ಷಿಕೆಯ ರೇಖಾಚಿತ್ರಗಳು ನಾರಾಯಣರ ತಮ್ಮ ಲಕ್ಷ್ಮಣರವು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ ಕಾರ್ನಾಡ, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ಶಂಕರ್‌ನಾಗ್ ಅವರಿಗೆ ಆಗಿನ್ನೂ ಮೂವತ್ತೊಂದೋ ಮೂವತ್ತೆರಡೋ.

ನಾರಾಯಣರನ್ನು ಒಪ್ಪಿಸುವುದು ಸುಲಭದ ಮಾತಾಗಿರಲಿಲ್ಲ. 1965ರಲ್ಲಿ 'ಗೈಡ್' ಕಾದಂಬರಿ ಹಿಂದಿ ಸಿನಿಮಾ ಆದಾಗ ಅವರ ಮಾಲ್ಗುಡಿಯನ್ನು ಎತ್ತಿಕೊಂಡುಹೋಗಿ ರಾಜಸ್ಥಾನದ ಅರಮನೆಗಳ ನಡುವೆ ಇಳಿಸಿದ್ದರು. ಅದರ ಬಗ್ಗೆ ಅವರು ವ್ಯಂಗ್ಯ ತುಂಬಿದ ಪ್ರಬಂಧವನ್ನೇ ಬರೆದರು. ಸಿನಿಮಾದವರಿಗೆ ಬೇಕಾಗಿದ್ದದ್ದು ವೈಭವ. ನಾರಾಯಣರಲ್ಲಿ ಇದ್ದದ್ದು ಓಣಿ. ಶಂಕರ್‌ನಾಗ್ ಓಣಿಯನ್ನು ಓಣಿಯಾಗಿಯೇ ಬಿಟ್ಟರು.

ಅಂಚೆಯವನ ಕಥೆಯನ್ನು ನೋಡಿ. ಊರಿನ ಹುಡುಗಿಯ ಮದುವೆಯ ಹೊತ್ತಿಗೆ ಬಂಧುವೊಬ್ಬರ ಸಾವಿನ ತಂತಿ ಬಂದಿರುತ್ತದೆ. ಕೊಟ್ಟರೆ ಮದುವೆ ನಿಲ್ಲುತ್ತದೆ. ಅಂಚೆಯವ ತಣ್ಣಪ್ಪ ಅದನ್ನು ಜೇಬಿನಲ್ಲೇ ಉಳಿಸಿಕೊಳ್ಳುತ್ತಾನೆ. ಅಷ್ಟೇ ಕಥೆ. ಕತ್ತಿಯಿಲ್ಲ, ವಿಷವಿಲ್ಲ, ಮಾಟಮಂತ್ರವಿಲ್ಲ. ವಿಷ್ಣುವರ್ಧನ್ ನಟಿಸಿದ ಇನ್ನೊಂದರಲ್ಲಿ, ಮಗಳನ್ನು ಸಿನಿಮಾಕ್ಕೆ ಕರೆದೊಯ್ಯುವುದಾಗಿ ಮಾತು ಕೊಟ್ಟ ಗುಮಾಸ್ತ ರಾಜೀನಾಮೆ ಬರೆದು, ಐದು ರೂಪಾಯಿ ಸಂಬಳ ಏರಿದ್ದು ತಿಳಿದು ಕಾಗದ ಹರಿದು, ತಡವಾಗಿ ಮನೆಗೆ ಬರುತ್ತಾನೆ. ಮಗು ಹೊಸ ಅಂಗಿಯಲ್ಲೇ ನಿದ್ದೆಹೋಗಿದೆ. ಅದನ್ನು ನೋಡಿದ ರಾತ್ರಿ ನನಗೆ ನಮ್ಮ ಶಾನುಭೋಗರ ಜಗಲಿ ನೆನಪಾಯಿತು. ಅಲ್ಲೂ ಒಂದು ಓಲೆ, ಇಲ್ಲೂ ಒಂದು ಕಾಗದ. ಕಥೆಗೆ ದೊಡ್ಡ ಘಟನೆ ಬೇಕಿಲ್ಲ. ನಮಗೆ ಬೇಕಾದ ಮನುಷ್ಯನೊಬ್ಬ ಒಂದು ಕಾಗದವನ್ನು ಏನು ಮಾಡುತ್ತಾನೆ ಎಂಬುದನ್ನು ಕಾಯುವಂತಾದರೆ ಸಾಕು.

ಆಗಿನ ಒತ್ತಡಗಳೂ ಕಡಿಮೆಯೇನಿರಲಿಲ್ಲ. ದೂರದರ್ಶನ ಹದಿಮೂರು ಹದಿಮೂರರ ಲೆಕ್ಕದಲ್ಲಿ ಒಪ್ಪಿಗೆ ಕೊಡುತ್ತಿತ್ತು. ಪ್ರಾಯೋಜಕರನ್ನು ಹುಡುಕಬೇಕು, ಅಷ್ಟೇ ದುಡ್ಡಿನಲ್ಲಿ ಮುಗಿಸಬೇಕು, ಅಧಿಕಾರಿಗಳ ಕಣ್ಣಿನಿಂದ ಪಾರಾಗಬೇಕು. ಆದರೆ ಆ ಹದಿಮೂರರ ಕಟ್ಟುಪಾಡೇ ಒಂದು ರೀತಿಯಲ್ಲಿ ಕಥೆಗಾರನ ರಕ್ಷಣೆಯಾಗಿತ್ತು ಎಂದು ಈಗ ಅನ್ನಿಸುತ್ತದೆ. ಎಲ್ಲಿ ನಿಲ್ಲಬೇಕೆಂಬುದು ಬರೆಯಲು ಕೂರುವ ಮೊದಲೇ ಗೊತ್ತಿರುತ್ತಿತ್ತು. ಒಟ್ಟು 39 ಕಂತು ಮಾಡಿ ಶಂಕರ್‌ನಾಗ್ ಎದ್ದುಹೋದರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿಯ ಆನಗೋಡಿನಲ್ಲಿ ನಡೆದ ಅಪಘಾತದಲ್ಲಿ ಅವರು ತೀರಿಕೊಂಡಾಗ ವಯಸ್ಸು ಮೂವತ್ತೈದು. 2006ರಲ್ಲಿ ಕವಿತಾ ಲಂಕೇಶ್ ಇನ್ನಷ್ಟು ಕಂತುಗಳನ್ನು ನಿರ್ದೇಶಿಸಿದರು. 2020ರಲ್ಲಿ ಅರಸಾಳು ರೈಲು ನಿಲ್ದಾಣದಲ್ಲಿ ಮಾಲ್ಗುಡಿಯ ಹೆಸರಿನ ಸಂಗ್ರಹಾಲಯವೂ ಆಯಿತು. ಅಂದಹಾಗೆ, ಧಾರಾವಾಹಿ ಪ್ರಸಾರವಾಗುತ್ತಿದ್ದಾಗ ನಾನಿದ್ದ ಹಳ್ಳಿಗೆ ದೂರದರ್ಶನ ಸರಿಯಾಗಿ ಸಿಗುತ್ತಿರಲಿಲ್ಲ. ಮಾಡಿನ ಮೇಲೆ ಹುಡುಗರನ್ನು ಹತ್ತಿಸಿ ಆಂಟೆನಾ ತಿರುಗಿಸಿದರೆ ಸ್ವಾಮಿಗಿಂತ ಚುಕ್ಕೆಗಳೇ ಹೆಚ್ಚು ಕಾಣುತ್ತಿದ್ದವು. ಕೂಗಳತೆಯಲ್ಲಿ ತೆಗೆದ ಚಿತ್ರವನ್ನು ನಾವು ಚೆನ್ನಾಗಿ ನೋಡಿದ್ದು ಮರುಪ್ರಸಾರದಲ್ಲಿ.

ಅವಸರದ ಬೆಲೆ ಎಂಥದೆಂಬುದಕ್ಕೆ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದ ದುರಂತವನ್ನು ನೆನೆಯದೆ ಮುಂದೆ ಹೋಗಲಾರೆ. 1989ರ ಫೆಬ್ರವರಿ 8ರಂದು ಟಿಪ್ಪು ಸುಲ್ತಾನನ ಧಾರಾವಾಹಿಯ ಚಿತ್ರೀಕರಣದಲ್ಲಿ ಬೆಂಕಿ ಬಿದ್ದು 62 ಮಂದಿ ಸತ್ತರು. ನಾಯಕನಟರೂ ಆಗಿದ್ದ ಸಂಜಯ್ ಖಾನ್ ತೀವ್ರವಾಗಿ ಸುಟ್ಟುಕೊಂಡು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಧಾರಾವಾಹಿ ಮುಂದೆ ಪ್ರಸಾರವೂ ಆಯಿತು, ಜನಪ್ರಿಯವೂ ಆಯಿತು. ಸತ್ತವರ ಹೆಸರು ನಮ್ಮಲ್ಲಿ ಯಾರಿಗೂ ತಿಳಿಯದು.

ಕನ್ನಡದ ದೈನಿಕ ಧಾರಾವಾಹಿಗೆ ಗೌರವ ತಂದುಕೊಟ್ಟದ್ದು 1998ರ 'ಮಾಯಾಮೃಗ'. ವಕೀಲಿಕೆ ಓದಿ ನಾಟಕಕ್ಕೆ ಬಂದ ಟಿ. ಎನ್. ಸೀತಾರಾಂ, ಅವರೊಂದಿಗೆ ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ. ದೂರದರ್ಶನದ ಚಂದನದಲ್ಲಿ ನಾನೂರಕ್ಕೂ ಹೆಚ್ಚು ಕಂತು ನಡೆಯಿತು. ನಾಲ್ಕು ನೂರು ಕಂತಿನ ಉದ್ದದಲ್ಲೂ ಮನುಷ್ಯರು ಮನುಷ್ಯರಾಗಿಯೇ ಉಳಿಯಬಲ್ಲರೆಂಬುದನ್ನು ಅದು ತೋರಿಸಿತು. ಅಲ್ಲಿ ಒಳ್ಳೆಯವರು ಸಣ್ಣತನ ತೋರಿಸುತ್ತಿದ್ದರು, ಕೆಟ್ಟವರಿಗೆ ಕಾರಣಗಳಿರುತ್ತಿದ್ದವು, ಕಾಲ ಸರಿದಂತೆ ಜನ ಬದಲಾಗುತ್ತಿದ್ದರು. ದೀರ್ಘ ಕಥೆಗೆ ಮಾತ್ರ ಸಾಧ್ಯವಾಗುವ ಸೊಗಸು ಇದು. ಎರಡೂವರೆ ಗಂಟೆಯ ಸಿನಿಮಾದಲ್ಲಿ ಮನುಷ್ಯ ಬದಲಾಗಬೇಕಾದರೆ ಹಾಡೊಂದು ಬೇಕು. ಧಾರಾವಾಹಿಯಲ್ಲಿ ನಮ್ಮ ಜೊತೆಯಲ್ಲೇ ವಯಸ್ಸಾಗುತ್ತದೆ.

ಖಾಸಗಿ ವಾಹಿನಿಗಳು ಬಂದಮೇಲೆ, ಅಂದರೆ 1994ರ ಉದಯ, 2000ದ ಈಟಿವಿ, ಆಮೇಲೆ ಉಳಿದವು, ಧಾರಾವಾಹಿಗೆ ನಾಲ್ಕು ನೂರು ಕಂತು ಏನೂ ಅಲ್ಲವೆಂಬಂತಾಯಿತು. ಅಧಿಕಾರಿಯ ಜಾಗಕ್ಕೆ ಟಿಆರ್‌ಪಿ ಬಂದು ಕುಳಿತಿತು. ನನ್ನ ವಿದ್ಯಾರ್ಥಿ ಹೇಳಿದ್ದನ್ನು ಅವನ ಮಾತಿನಲ್ಲೇ ಕೇಳಿ: "ಸಾರ್, ನಮಗೆ ವಾರಕ್ಕೊಂದು ಪರೀಕ್ಷೆ, ಗುರುವಾರ ಫಲಿತಾಂಶ. ಅಂಕ ಇಳಿದರೆ ಶುಕ್ರವಾರ ಸಭೆ. ಸಭೆಯಲ್ಲಿ ಕಥೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಬರೆಯುವವನನ್ನು ಬಿಟ್ಟು. ಯಾವ ಪಾತ್ರ ಬಂದಾಗ ಅಂಕ ಏರಿತೋ ಆ ಪಾತ್ರ ಸಾಯುವಂತಿಲ್ಲ. ಯಾವ ಜಗಳಕ್ಕೆ ಏರಿತೋ ಆ ಜಗಳ ಮುಗಿಯುವಂತಿಲ್ಲ. ಮಹಾಸಂಚಿಕೆ ಅಂತ ಘೋಷಿಸಿಬಿಟ್ಟರೆ ಮಧ್ಯಾಹ್ನ ಬರೆದ ದೃಶ್ಯ ಸಂಜೆ ಚಿತ್ರೀಕರಣ, ಮರುದಿನ ಪ್ರಸಾರ. ಕಲಾವಿದೆ ಕೆಲಸ ಬಿಟ್ಟರೆ ಆ ಪಾತ್ರಕ್ಕೆ ಅಪಘಾತ ಮಾಡಿಸಿ ಹೊಸ ಮುಖ ಕೊಡಬೇಕು."

"ಒಪ್ಪದಿದ್ದರೆ?" ಎಂದೆ.

"ಒಪ್ಪುವವರು ಹೊರಗೆ ಬೆಂಚಿನ ಮೇಲೆ ಕೂತಿರುತ್ತಾರೆ ಸಾರ್. ನನಗೆ ಮನೆ ಸಾಲ, ಇಬ್ಬರು ಮಕ್ಕಳು."

ಅವನನ್ನು ಬೈಯಲು ನನ್ನಿಂದಾಗಲಿಲ್ಲ. ಸರ್ಕಾರ ಕಳಿಸಿದ ಪಠ್ಯದಲ್ಲಿ ನನಗೆ ಒಪ್ಪಿಗೆಯಿಲ್ಲದ್ದನ್ನೂ ನಾನು ಮೂವತ್ತಮೂರು ವರ್ಷ ಬೋಧಿಸಿದವನೇ. ಸಂಬಳದ ದಿನ ಎಲ್ಲರಿಗೂ ಬರುತ್ತದೆ. ಆದರೂ ವ್ಯತ್ಯಾಸವೊಂದು ಹೊಳೆಯಿತು. ಜಗಲಿಯ ವಾಚಕರು ಕಥೆ ನಿಲ್ಲಿಸುತ್ತಿದ್ದದ್ದು ಮುಂದಿನದು ಅವರ ಕೈಯಲ್ಲಿದ್ದುದರಿಂದ. ಈಗ ನಿಲ್ಲಿಸುವುದು ಮುಂದಿನದು ಯಾರಿಗೂ ಗೊತ್ತಿಲ್ಲದಿರುವುದರಿಂದ. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ, ಸ್ವಲ್ಪ ದಿನ.

ಅವನ ಧಾರಾವಾಹಿಯೊಂದನ್ನು ನನ್ನ ಶ್ರೀಮತಿ, ನಿಮ್ಮಲ್ಲಿ ಹಲವರಿಗೆ ಅತ್ತೆಯೋ ಚಿಕ್ಕಮ್ಮನೋ ಆಗಬೇಕಾದವಳು, ಮೂರು ವರ್ಷ ಬಿಡದೆ ನೋಡಿದಳು. ನಾನು ಪಕ್ಕದ ಕೋಣೆಯಲ್ಲಿ ಪುಸ್ತಕ ಹಿಡಿದು ಮೂಗು ಮುರಿಯುತ್ತಿದ್ದೆ. ಅವಳು ಅದನ್ನು ಗಮನಿಸಿಯೂ ಗಮನಿಸದಂತೆ ಧ್ವನಿ ಇನ್ನಷ್ಟು ಏರಿಸುತ್ತಿದ್ದಳು. ಆ ಕಥೆಯಲ್ಲಿ ತವರಿಗೆ ಮರಳಲಾಗದ ಹಿರಿಯ ಮಗಳೊಬ್ಬಳಿದ್ದಳು. ಆಸ್ಪತ್ರೆಯಿಂದ ಮನೆಗೆ ಕರೆತಂದ ಕೊನೆಯ ತಿಂಗಳುಗಳಲ್ಲಿ ಮಂಚವನ್ನು ಟಿ.ವಿ. ಎದುರಿಗೆ ಹಾಕಿದ್ದೆವು. "ಇದು ಮುಗಿಯುವುದರೊಳಗೆ ನಾನೇ ಮುಗಿಯುತ್ತೀನಿ ಅಂತ ಕಾಣುತ್ತೆ. ಆ ಹುಡುಗಿ ತವರಿಗೆ ಹೋಗುತ್ತಾಳೋ ಇಲ್ಲವೋ, ನಿಮ್ಮ ಶಿಷ್ಯನನ್ನು ಒಂದು ಸಲ ಕೇಳಬಾರದೆ?" ಎಂದಳು. ಕೇಳಲು ನನಗೆ ಬಿಗುಮಾನ. ಧಾರಾವಾಹಿಯ ಕಥೆ ವಿಚಾರಿಸಲು ಶಿಷ್ಯನಿಗೆ ಫೋನು ಮಾಡುವುದೇ ಎಂದು ಮುಂದೂಡಿದೆ. ಆಮೇಲೆ ಕೇಳಿ ಪ್ರಯೋಜನವಿರಲಿಲ್ಲ.

ವೈಕುಂಠ ಸಮಾರಾಧನೆಗೆ ಅವನು ಬಂದಾಗ ಇದನ್ನು ಹೇಳಿರಲಿಲ್ಲ. ಈ ಯುಗಾದಿಗೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಕೊನೆಯ ದೃಶ್ಯವನ್ನು ಧಾರಾವಾಹಿ ಶುರುವಾಗುವ ಮೊದಲೇ ಬರೆದಿಟ್ಟಿದ್ದನಂತೆ, ಶಾಲೆಯ ನೋಟುಪುಸ್ತಕದಂಥದ್ದರಲ್ಲಿ. ಅಂಕ ಬಿದ್ದ ಮೇಲೆ ಮೂರು ವಾರದ ಸೂಚನೆ ಕೊಟ್ಟು ಮುಗಿಸಲು ಹೇಳಿದರಂತೆ. ಅಷ್ಟರಲ್ಲಿ ಆ ಮಗಳ ಪಾತ್ರದವರು ಬೇರೆ ಕಡೆ ಒಪ್ಪಿಕೊಂಡಿದ್ದರು. ಹಾಗಾಗಿ ಬರೆದದ್ದು ಬರೆದಲ್ಲೇ ಉಳಿಯಿತು.

"ಅಮ್ಮನಿಗೆ ಹೇಳಬೇಕಿತ್ತು ಸಾರ್" ಎಂದು ಆ ದೃಶ್ಯವನ್ನು ಹೇಳತೊಡಗಿದ. ತವರಿನ ಬಾಗಿಲು, ಸಂಜೆ, ಒಳಗೆ ದೀಪ ಹಚ್ಚುವ ಹೊತ್ತು. ಅವಳು ಬಾಗಿಲು ಬಡಿಯುವುದಿಲ್ಲ. ಅಂಗಳದಲ್ಲಿ ಒಣಹಾಕಿ ಮರೆತ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮಡಿಸಿ, ಜಗಲಿಯ ಮೇಲಿಡುತ್ತಾಳೆ. ಒಳಗಿನಿಂದ ತಾಯಿ, "ಯಾರದು?" ಎನ್ನುತ್ತಾಳೆ. ಮಗಳು, "ನಾನೇ" ಎನ್ನುತ್ತಾಳೆ.

ಅಲ್ಲಿಗೆ ಅವನು ನಿಲ್ಲಿಸಿದ. ಹೊರಡುವಾಗ ಬಸ್ಸಿಗೆ ಹೊತ್ತಾಗಿತ್ತು. ಗೇಟಿನವರೆಗೆ ಹೋಗಿ ಕಳಿಸಿಬಂದೆ.